ರಿಜಿಸ್ಟರಿನಲ್ಲಿ ಕೂತ ರೇಣವ್ವ

ರೇಣವ್ವ ಐದಕ್ಕೇ ಎದ್ದು ಮೂರು ಮನೆಯ ಪಾತ್ರೆ ತಿಕ್ಕಿ, ಎಂಟೂವರೆಗೆ ಕೆಂಪರಾಜುವಿನ ಸೈಬರ್ ಸೆಂಟರಿಗೆ ಬರುತ್ತಿದ್ದಳು. ಅಷ್ಟು ಹೊತ್ತಿಗೆ ಅವಳ ಬೆರಳ ಸಂದುಗಳು ಸೋಪಿನ ಪುಡಿಗೆ ಬೆಂದಿರುತ್ತಿದ್ದವು. ಆರು ಕಂಪ್ಯೂಟರುಗಳ ಧೂಳು ಒರೆಸಿ, ನೆಲ ಸಾರಿಸಿ ಹೊರಡುತ್ತಿದ್ದಳು. ಬಾದಾಮಿ ಕಡೆಯವಳು, ಓದು ಬರಹ ಇಲ್ಲ. ಸುದ್ದಗುಂಟೆಪಾಳ್ಯದ ವಠಾರದಲ್ಲಿ ನನ್ನ ಪಕ್ಕದ ಮನೆ. ವಠಾರವೂ ಕೆಂಪರಾಜುವಿನದೇ. ನಾನು ಅಲ್ಲೇ ಬ್ಲೌಸ್ ಹೊಲಿಯುವವಳು.

ಅದು 2005. ಸೈಬರ್ ಅಪರಾಧ ತಡೆಯಲು ಸರಕಾರ ಕಾನೂನು ತಂದಿತ್ತು. ಇಂಟರ್ನೆಟ್ಟಿಗೆ ಬಂದವರು ಗುರುತಿನ ಚೀಟಿ ತೋರಿಸಬೇಕು, ಅವರ ಹೆಸರನ್ನು ರಿಜಿಸ್ಟರಿನಲ್ಲಿ ಬರೆಯಬೇಕು. ಒಳ್ಳೆಯದೇ, ಬೇಡವೆಂದವರು ಯಾರು? ಆದರೆ ನಮ್ಮ ಏರಿಯಾದ ಪಿಜಿ ಹುಡುಗರ ಜೇಬಿನಲ್ಲಿ ಬಾಚಣಿಗೆ ಇರುತ್ತದೆ, ಚೀಟಿ ಇರುವುದಿಲ್ಲ. ಅವರನ್ನು ವಾಪಸು ಕಳಿಸಿದರೆ ದುಡ್ಡು ಹೋಯಿತೆಂದು ಕೆಂಪರಾಜುವಿಗೆ ಹೊಟ್ಟೆ ಉರಿ. ಮನೆ ಕೊಡುವಾಗ ನಮ್ಮಿಂದ ರೇಷನ್ ಕಾರ್ಡಿನ ಜೆರಾಕ್ಸ್ ಇಸಿದುಕೊಂಡಿದ್ದನಲ್ಲ, ಪುಣ್ಯಾತ್ಮ ಅವನ್ನೇ ರಿಜಿಸ್ಟರಿಗೆ ಪಿನ್ನು ಹೊಡೆದ. ಚೀಟಿ ಇಲ್ಲದವನು ಬಂದರೆ ನಮ್ಮಲ್ಲೊಬ್ಬರ ಹೆಸರು ಬರೆಯುತ್ತಿದ್ದ.

ಇದು ನಮಗೆ ಗೊತ್ತಾದದ್ದು ಪೊಲೀಸ್ ಜೀಪು ಬಂದಾಗ. ಮೂರನೇ ಕಂಪ್ಯೂಟರಿನಿಂದ ಯಾರೋ ಒಬ್ಬ ಆಫೀಸರಿಗೆ ಕೊಲೆ ಬೆದರಿಕೆಯ ಮೇಲ್ ಹೋಗಿತ್ತು. ಆ ಹೊತ್ತಿಗೆ ರಿಜಿಸ್ಟರಿನಲ್ಲಿ ಇದ್ದದ್ದು ರೇಣವ್ವನ ಹೆಸರು. ಅವಳನ್ನು ಸೆಂಟರಿಗೆ ಕರೆಸಿದರು, ಜೊತೆಗೆ ನಾನೂ ಹೋದೆ.

"ಹದಿನಾಲ್ಕನೇ ತಾರೀಕು ಸಂಜೆ ಎಲ್ಲಿದ್ದೆ?" ಎಂದ ಸಬ್ ಇನ್ಸ್‌ಪೆಕ್ಟರು.

"ಮೇಡಂ ಮನ್ಯಾಗ ಭಾಂಡಿ ತಿಕ್ಕಾಕತ್ತಿದ್ನಿರಿ."

"ಇದನ್ನ ಆನ್ ಮಾಡು ನೋಡೋಣ."

ರೇಣವ್ವ ಕಂಪ್ಯೂಟರನ್ನು ಸೆರಗಿನಿಂದ ಒರೆಸಿದಳು. "ನನಗ ಇದೊಂದ ಬರತೈತ್ರಿ, ಸಾಹೇಬ್ರ."

ಅವನಿಗೂ ನಗು ತಡೆಯಲಾಗಲಿಲ್ಲ. "ಗೊತ್ತಾಗುತ್ತಮ್ಮ. ಆದ್ರೆ ರೆಕಾರ್ಡ್‌ನಲ್ಲಿ ನಿನ್ ಹೆಸರಿದೆ. ಪ್ರತಿ ಸೋಮವಾರ ಸ್ಟೇಷನ್‌ಗೆ ಬಂದು ಹೆಬ್ಬೆಟ್ಟು ಒತ್ತಿ ಹೋಗು."

ನಾನು ರಿಜಿಸ್ಟರನ್ನು ಎಳೆದುಕೊಂಡು ಓದಿದೆ. ರೇಣವ್ವ ನಲವತ್ತೆರಡು ಸಲ. ನಾನು ಹನ್ನೊಂದು ಸಲ. ಹಿಂದಿನ ಮನೆಯ ಬೋರಯ್ಯ ಮೊನ್ನೆ ಮಂಗಳವಾರ ಎರಡು ಗಂಟೆ ಇಂಟರ್ನೆಟ್ ನೋಡಿದ್ದ.

"ಸಾರ್, ಬೋರಯ್ಯ ತೀರ್ಕೊಂಡು ವರ್ಷ ಆಯ್ತು," ಎಂದೆ.

"ಏನೋ ಮಿಸ್ಟೇಕ್ ಆಗೋಯ್ತು ಸಾರ್," ಎಂದು ಕೆಂಪರಾಜು ಟೀ ತರಿಸಿದ. ಸಾಹೇಬರು ಟೀ ಕುಡಿದು, "ಇನ್ಮೇಲೆ ನೀಟಾಗಿ ಮೇಂಟೇನ್ ಮಾಡ್ರಿ," ಎಂದು ಹೊರಟರು. ನನಗೆ ಮೈಯೆಲ್ಲ ಉರಿದುಹೋಯಿತು. ಕಳ್ಳ ಲೆಕ್ಕ ಬರೆದವನಿಗೆ ಬುದ್ಧಿವಾದ, ಕಸ ಗುಡಿಸಿದವಳಿಗೆ ಹೆಬ್ಬೆಟ್ಟು. ಸ್ಟೇಷನ್ ಮೆಟ್ಟಿಲು ಹತ್ತುವವಳನ್ನು ಯಾವ ಮನೆಯವರು ಕೆಲಸಕ್ಕೆ ಇಟ್ಟುಕೊಳ್ಳುತ್ತಾರೆ? ಮೂರು ಮನೆಯೂ ಹೋದರೆ ಅವಳು ತಿನ್ನುವುದೇನು?

ಮರುದಿನ ರೇಣವ್ವ ಪೊರಕೆ ಮುಟ್ಟಲಿಲ್ಲ. ಮೂರನೇ ಕಂಪ್ಯೂಟರಿನ ಮುಂದೆ ಕಾಲು ಮಡಚಿ ಕೂತಳು. ಪಕ್ಕದಲ್ಲಿ ನಾನು ಕೂತೆ. ಸೊಪ್ಪು ಮಾರುವ ಲಕ್ಷ್ಮಿದೇವಮ್ಮ ಬುಟ್ಟಿಯ ಸಮೇತ ಬಂದಳು. ಬೋರಯ್ಯನ ಹೆಂಡತಿಯೂ ಬಂದಳು. ವಠಾರದ ಹೆಂಗಸರಿಂದ ಆರೂ ಕುರ್ಚಿ ತುಂಬಿದವು.

"ಏಳ್ರಮ್ಮ, ಕಸ್ಟಮರ್ ಬರೋ ಟೈಮು," ಎಂದ ಕೆಂಪರಾಜು.

"ನಲವತ್ತೆರಡ ಸಲ ಕುಂತೀನಿ ಅಂತ ನೀವ ಬರದೀರಿ. ಇನ್ನೊಂದ ಸಲ ಬರಕೋರಿ," ಎಂದಳು ರೇಣವ್ವ. "ಸ್ಟೇಷನ್ನಿಗೆ ಬಂದು, ಸುಳ್ಳ ಬರದವ ನಾನು ಅಂತ ಬರದ ಕೊಡ್ರಿ. ಅಲ್ಲೀತನಕ ಏಳಂಗಿಲ್ಲ."

ಬಾಗಿಲಲ್ಲಿ ಟೈ ಕಟ್ಟಿದ ಪಿಜಿಯವನೊಬ್ಬ ಇಣುಕಿದ. "ಅಣ್ಣ, ಸಿಸ್ಟಂ ಖಾಲಿ ಇಲ್ವಾ?"

ಕೆಂಪರಾಜು ಬಾಯಿ ತೆರೆಯುವ ಮೊದಲೇ ರೇಣವ್ವ ತಿರುಗಿದಳು.

"ಇಲ್ಲಪ್ಪ. ಇವತ್ತ ಬುಕ್ಕಿನ್ಯಾಗ ಹೆಸರಿದ್ದವರ ಬಂದ ಕುಂತೀವಿ."