ಕೋರಂ ಬೆಲ್ ಬಾರಿಸದ ದಿನ

ನಾನು ಒಂದು ವಿದ್ಯುತ್ ಗಂಟೆ. ಸಣ್ಣದೊಂದು ಶೆಡ್ಡಿನಲ್ಲಿ ಹುಟ್ಟಿದೆ. ನನ್ನನ್ನು ಮೊದಲ ಸಲ ಬಾರಿಸಿ ನೋಡಿದ ಕೆಲಸಗಾರ ಕಿವಿ ಮುಚ್ಚಿಕೊಂಡು, "ಸತ್ತೋರೂ ಎದ್ದು ಕೂತ್ಕೋತಾರೆ" ಎಂದ. ಆ ಮಾತಿಗೆ ನಾನು ಉಬ್ಬಿಹೋಗಿದ್ದು ನಿಜ.

ಅಲ್ಲಿಂದ ನೇರವಾಗಿ ಶಾಸನಸಭೆಯ ಕ್ಯಾಂಟೀನಿನ ಗೋಡೆಗೆ ಬಂದೆ. ಸಭೆ ನಡೆಯಲು ಇಂತಿಷ್ಟು ಸದಸ್ಯರು ಇರಲೇಬೇಕು. ಅದನ್ನು ಕೋರಂ ಎನ್ನುತ್ತಾರೆ. ತಲೆ ಕಡಿಮೆಯಾದರೆ ಒಳಗೆ ಗುಂಡಿ ಒತ್ತುತ್ತಾರೆ, ನಾನು ಅರಚುತ್ತೇನೆ, ಶಾಸಕರು ಅರ್ಧ ತಿಂದ ವಡೆ ಬಿಟ್ಟು ಏಳುತ್ತಾರೆ. ನಾನೇನು ಸಾಮಾನ್ಯನೇ ಎಂದು ಬೀಗುತ್ತಿದ್ದೆ.

ಆದರೆ ಅಲ್ಲಿ ನನ್ನನ್ನು ಕಂಡರೆ ಯಾರಿಗೂ ಆಗುತ್ತಿರಲಿಲ್ಲ. ಯಾರಾದರೂ ರೇಗಿದರೆ ಕಾಫಿ ಕೊಡುವ ಕೆಂಚಪ್ಪ ಕುರ್ಚಿ ಹತ್ತಿ, ನನ್ನ ಬಟ್ಟಲಿಗೂ ಸುತ್ತಿಗೆಗೂ ನಡುವೆ ಕಾಗದ ತುರುಕುತ್ತಿದ್ದ. ಸ್ವಲ್ಪ ಹೊತ್ತಿನ ಮೇಲೆ ತೆಗೆಯುತ್ತಿದ್ದ. ಇದು ಕ್ಯಾಂಟೀನಿನ ರೂಢಿ.

ಅಂದು ಅಧಿವೇಶನದ ಕೊನೆಯ ದಿನ. ಅನ್ನಪೂರ್ಣಾ ಹೂಗಾರ ಎಂಬ ಅತಿಥಿ ಶಿಕ್ಷಕಿ ತಮ್ಮ ಶಾಸಕರನ್ನು ಹುಡುಕಿಕೊಂಡು ಬಂದರು. ಸರ್ಕಾರಿ ಶಾಲೆಗಳ ಅನುದಾನ ಮತ್ತು ಶಿಕ್ಷಕರ ವೇತನದ ಮಸೂದೆ ಮಧ್ಯಾಹ್ನ ಮತಕ್ಕೆ ಬರುವುದಿತ್ತು.

"ಎರಡು ತಿಂಗಳ ಸೂಟಿಗೆ ನಮಗ ಪಗಾರ ಇಲ್ರಿ, ಸಾಹೇಬ್ರ. ಜೂನ್‌ದಾಗ ಮತ್ತ ಕರೀತಾರೋ ಇಲ್ಲೋ ಅದೂ ಗೊತ್ತಿಲ್ರಿ. ಹನ್ನೊಂದು ವರ್ಷ ಆತು ಹಿಂಗ" ಎನ್ನುತ್ತಾ ಅವರು ಮನವಿ ಪತ್ರ ಕೊಟ್ಟರು.

"ಚಿಂತಿ ಮಾಡಬ್ಯಾಡವ್ವ. ಬೆಲ್ ಹೊಡದ ಕೂಡ್ಲೆ ಒಳಗ ಹೋಗಿ ಕೈ ಎತ್ತತೀನಿ" ಎಂದರು ಶಾಸಕರು. ಶಿಕ್ಷಕಿ ನಂಬಿಕೊಂಡು ಪ್ರೇಕ್ಷಕರ ಗ್ಯಾಲರಿಗೆ ಹೋದರು. ಮನವಿ ಪತ್ರ ಕಾಫಿ ಲೋಟದ ಕೆಳಗೇ ಉಳಿಯಿತು.

ಅಷ್ಟರಲ್ಲಿ ಇನ್ಯಾವುದೋ ವಿಷಯಕ್ಕೆ ನಾನು ಬಾರಿಸಿದೆ. ಪಕ್ಕದ ಮೇಜಿನವರು ಸಿಡಿದರು: "ಲೋ ಕೆಂಚಪ್ಪ, ಇದರ ಬಾಯಿ ಮುಚ್ಚಿಸ್ಲಾ!" ಕೆಂಚಪ್ಪ ಕೈಗೆ ಸಿಕ್ಕ ಕಾಗದವನ್ನು ಮಡಚಿ ನನ್ನೊಳಗೆ ತುರುಕಿದ. ಅದು ಅದೇ ಮನವಿ ಪತ್ರ. ಆಮೇಲೆ ಊಟದ ಗಲಾಟೆಯಲ್ಲಿ ತೆಗೆಯುವುದನ್ನು ಮರೆತ.

ಮಧ್ಯಾಹ್ನ ಗುಂಡಿ ಒತ್ತಿದರು. ಒಳಗೆ ಮೂವರು ಕಡಿಮೆ ಇದ್ದರು. ನನ್ನ ಕೆಳಗೆ ಏಳು ಜನ ಶಾಸಕರು ಕೂತಿದ್ದರು. ಸುತ್ತಿಗೆ ಕಾಗದಕ್ಕೆ ಬಡಿದು ಬಡಿದು ಸುಮ್ಮನಾಯಿತು. ನಾಚಿಕೆ ಬಿಟ್ಟು ಹೇಳುತ್ತೇನೆ, ಬೈಗುಳ ತಪ್ಪಿತಲ್ಲ ಎಂದು ಆಗ ನನಗೆ ಹಾಯೆನಿಸಿತ್ತು.

ಕೋರಂ ಇಲ್ಲದೆ, ಮಸೂದೆ ಮತಕ್ಕೇ ಬಾರದೆ, ಸಭೆಯನ್ನು ಮುಂದೂಡಿದರು. ಅನ್ನಪೂರ್ಣಾ ಏದುಸಿರು ಬಿಡುತ್ತಾ ಬಂದರು. "ಸಾಹೇಬ್ರ, ಯಾಕ್ರಿ ಬರಲಿಲ್ಲ?"

"ಬೆಲ್ಲೇ ಹೊಡೀಲಿಲ್ಲಲ್ಲವ್ವ!"

ಆಕೆ ತಲೆಯೆತ್ತಿ ನನ್ನನ್ನು ನೋಡಿದರು. ಬೈಯಲಿಲ್ಲ. ಆ ನೋಟವನ್ನು ನಾನು ಇವತ್ತಿಗೂ ಮರೆತಿಲ್ಲ.

ಬೇಸಿಗೆಯಲ್ಲಿ ಚುನಾವಣೆ ಬಂತು. ಹಳೆಯ ಸಭೆಯೊಂದಿಗೆ ಮಸೂದೆಯೂ ಬಿದ್ದುಹೋಯಿತು. ನನ್ನನ್ನು ಬಿಚ್ಚಿಯೂ ನೋಡದೆ "ದುರಸ್ತಿಗೆ ಯೋಗ್ಯವಲ್ಲ" ಎಂದು ಬರೆದು ಹರಾಜಿಗೆ ಹಾಕಿದರು. ಗುಜರಿ ಅಂಗಡಿಯಲ್ಲಿ ಮೂರು ವರ್ಷ ಧೂಳು ತಿಂದೆ.

ಕೊನೆಗೆ ಕೋಲಾರದ ಕಡೆಯ ಒಂದು ಸರ್ಕಾರಿ ಶಾಲೆಯ ಹೆಡ್‌ಮಾಸ್ಟರ್ ಮುನಿವೆಂಕಟಪ್ಪನವರು ನನ್ನನ್ನು ಕೊಂಡರು. ಶಾಲೆಯ ಅನುದಾನ ಸೀಮೆಸುಣ್ಣಕ್ಕೇ ಸಾಲದ್ದರಿಂದ ತಮ್ಮ ಜೇಬಿನಿಂದಲೇ ಕೊಟ್ಟರು. ಬಟ್ಟಲು ಬಿಚ್ಚಿದಾಗ ಹಳದಿಯಾದ ಕಾಗದ ಉದುರಿತು. ಅಲ್ಲಿನ ಅತಿಥಿ ಶಿಕ್ಷಕಿ ನಸ್ರೀನ್ ಎತ್ತಿಕೊಂಡು ಓದಿದರು; ಮತ್ತೊಮ್ಮೆ ಓದಿದರು.

"ಕಸಕ್ಕೆ ಹಾಕಮ್ಮ ಅದನ್ನ" ಎಂದರು ಹೆಡ್‌ಮಾಸ್ಟರ್.

"ಇರ್ಲಿ ಸಾರ್, ನಮ್ಮ ಎಮ್ಮೆಲ್ಲೆಗೆ ಕಳಿಸ್ತೀನಿ. ತಾರೀಕು, ಹೆಸರು ಎರಡು ಬದಲಾಯಿಸಿದ್ರೆ ಸಾಕು."

ನಾನಾಗ ಗೋಡೆಯ ಮೇಲಿದ್ದರೆ ನಾಚಿಕೆಯಿಂದ ಕಳಚಿ ಬೀಳುತ್ತಿದ್ದೆನೇನೋ. ಮನವಿ ಹೋಗಿ ಎರಡು ವರ್ಷವಾಯಿತು, ಉತ್ತರ ಬಂದಿಲ್ಲ.

ಈಗ ನನಗೆ ವಯಸ್ಸಾಗಿದೆ, ಬಟ್ಟಲಿಗೆ ತುಕ್ಕು ಹಿಡಿದಿದೆ. ಆದರೂ ಒಂದು ಪೀರಿಯಡ್ಡನ್ನೂ ತಪ್ಪಿಸದೆ ಬಾರಿಸುತ್ತೇನೆ. ಮಾಡಿದ ತಪ್ಪು ಅದರಿಂದ ತೊಳೆದುಹೋಗುತ್ತದೆ ಎಂದಲ್ಲ, ಸುಮ್ಮನಿರಲು ಭಯ. ನಾಳೆ ವರ್ಷದ ಕೊನೆಯ ಬೆಲ್. ಮಕ್ಕಳು ಕೇಕೆ ಹಾಕಿ ಮನೆಗೆ ಓಡುತ್ತಾರೆ. ಅದೇ ಬೆಲ್ಲಿಗೆ ಅತಿಥಿ ಟೀಚರ್ ಸಂಬಳವೂ ನಿಲ್ಲುತ್ತದೆ. ನಾಳೆ ಒಂದೇ ಒಂದು ದಿನ ಯಾರಾದರೂ ನನ್ನ ಬಾಯಿಗೆ ಕಾಗದ ತುರುಕಬಾರದೇ ಎನಿಸುತ್ತದೆ. ಆದರೆ ನಾನು ಬಾರಿಸಲೇಬೇಕು. ಗುಂಡಿ ಒತ್ತುವವರು ನಸ್ರೀನ್ ಟೀಚರೇ.