ಪುಣ್ಯಕ್ಕೆ ಬಿಟ್ಟ ಆಮೆ

"ಬಾಯಿ ತೆಗಿ, ಮುದಿಯಾ" ಎಂದು ಲಮ್ದುವನ್ ದಾಸವಾಳದ ಎಲೆಯನ್ನು ಆಮೆಯ ಮೂತಿಗೆ ಒತ್ತಿದಳು. ಎಲೆಯೊಳಗೆ ಮಾತ್ರೆಯ ಪುಡಿಯಿತ್ತು. ಆಮೆ ಕತ್ತನ್ನು ಒಳಗೆಳೆದುಕೊಂಡಿತು. ಅವಳು ಸೂತಕಕ್ಕೆಂದು ಉಟ್ಟ ಕರಿಬಟ್ಟೆಯ ಮೇಲೆಲ್ಲ ಪುಡಿ ಚೆಲ್ಲಿತು.

ಹೊರಗೆ ಗಾಡಿಯಲ್ಲಿ ಕೂತಿದ್ದ ಗಂಡನ ಅಕ್ಕ ಕಿಂಕಾವ್ ಕೂಗಿದಳು: "ಭಿಕ್ಕುಗಳು ಬಂದು ಕಾಯ್ತಿರ್ತಾರೆ ಕಣೇ! ನನ್ನ ತಮ್ಮನ್ನ ಸುಡೋ ದಿನಾನೂ ಆಮೆ ಜೊತೆ ಕುಸ್ತೀನಾ?"

"ನಿಮ್ಮ ತಮ್ಮಾನೇ ಗಂಟು ಹಾಕಿ ಹೋದ ಕುಸ್ತಿ ಅಕ್ಕಾ ಇದು!"

"ಹಂಗಾದ್ರೆ ಅದನ್ನೂ ಎತ್ಕೊಂಡು ಬಾ. ವಿಹಾರದ ಮುಂದೆ ಕಾಲುವೇಲಿ ಬಿಟ್ಬಿಡೋಣ. ಆಮೆ ಬಿಟ್ರೆ ಸತ್ತೋರ ಸಂಕಟ ಕಳೆಯುತ್ತೆ. ನಿನಗೂ ಕಾಟ ತಪ್ಪುತ್ತೆ."

ಅದು ಈಜುವ ಆಮೆಯಲ್ಲ ಎನ್ನುವುದು ಲಮ್ದುವನ್‌ಗೆ ನಾಲಿಗೆಯ ತುದಿಗೇ ಬಂದಿತ್ತು. ಆದರೆ ಕಾಟ ತಪ್ಪುತ್ತೆ ಎಂಬ ಮಾತು ಕಿವಿಗೆ ಹಿತವಾಗಿತ್ತು. ಬುಟ್ಟಿ ಹುಡುಕಿದಳು.

*

ತೊಂಗ್ ಎಂಬ ಆ ಆಮೆ ಅವಳಿಗಿಂತ ಮೊದಲೇ ಗಂಡ ಪ್ರಯೂನನ ಮನೆ ಸೇರಿತ್ತು. ದೋಣಿಯ ಇಂಜಿನ್ ರಿಪೇರಿ ಮಾಡುತ್ತಿದ್ದ ಅವನು ಉಣ್ಣುವಾಗ ತನ್ನ ತಟ್ಟೆಯ ಬಂಗುಡೆಯನ್ನು ಮುಳ್ಳು ಬಿಡಿಸಿ ಅದಕ್ಕೆ ತಿನ್ನಿಸುತ್ತಿದ್ದ. ಬಂಗುಡೆಗೆ ಹೆಸರಾದ ಮೇಕ್ಲಾಂಗ್ ಊರಿನಲ್ಲಿ ಹುಟ್ಟಿದ್ದು ಬಂಗುಡೆ ತಿನ್ನದೆ ಇರುತ್ತದೆಯೇ ಎನ್ನುವುದು ಅವನ ವಾದ. ವರ್ಷಗಟ್ಟಲೆ ತಿಂದ ಮೀನು ಕೊನೆಗೆ ಕೀಲುಗಳಲ್ಲಿ ಕೂತಿತು. ಕಾಲು ಗೆಣಸಿನಂತೆ ಊದಿದವು. ಸೊಪ್ಪು ಬಿಟ್ಟು ಬೇರೇನೂ ಕೊಡಬೇಡಿ, ಬಿಸಿನೀರಲ್ಲಿ ಕೂರಿಸಿ, ಮಾತ್ರೆ ತಪ್ಪಿಸಬೇಡಿ ಎಂದರು ಡಾಕ್ಟರು.

"ನನ್ನ ಮಂಡಿಗೂ ಬಿಸಿನೀರು ಬೇಕು. ನಾನೂ ಚಿಪ್ಪು ಹೊತ್ಕೊಳ್ಳಲಾ?" ಎಂದು ಲಮ್ದುವನ್ ರೇಗುತ್ತಿದ್ದಳು.

"ಬೋಗುಣೀಲಿ ನೀರು ಒಂದು ಬೆರಳಷ್ಟೇ ಇರಲಿ" ಎನ್ನುತ್ತಿದ್ದ ಪ್ರಯೂನ್, ಅವಳ ಮಾತು ಕಿವಿಗೇ ಬೀಳದವನಂತೆ. "ಇದು ನೆಲದಾಮೆ. ಆಳಕ್ಕೆ ಹೋದ್ರೆ ಕಲ್ಲಿನ ಹಾಗೆ ಮುಳುಗುತ್ತೆ."

ಆಮೆ ಎದ್ದ ಮೇಲೆ ಅದೇ ಬೋಗುಣಿಯಲ್ಲಿ ಅವಳು ಕಾಲಿಟ್ಟು ಕೂರುತ್ತಿದ್ದಳು. ಅವನು ಮಾತಿಲ್ಲದೆ ಕೆಟಲ್ ತಂದು ಇನ್ನಷ್ಟು ಬಿಸಿನೀರು ಸುರಿದು ಹೋಗುತ್ತಿದ್ದ. ಮಂಡಿ ಹೇಗಿದೆ ಎಂದು ಒಮ್ಮೆಯೂ ಕೇಳಿದವನಲ್ಲ.

*

ವಿಹಾರದ ಮುಂದಿನ ಕಾಲುವೆಯ ಮೆಟ್ಟಿಲ ಮೇಲೆ ಕಿಂಕಾವ್ ಕೈಮುಗಿದು ಮಂತ್ರ ಹೇಳುತ್ತ ಕೂತಳು. ಪ್ರಯೂನನ ಜೊತೆ ಕೆಲಸ ಮಾಡುತ್ತಿದ್ದ ಪ್ರಚುಪ್ ಬುಟ್ಟಿ ಹಿಡಿದಿದ್ದ.

"ತೂಕ ನೋಡು ಇದರದ್ದು! ಪ್ರಯೂನಣ್ಣ ತಾನು ಉಪವಾಸ ಬಿದ್ದು ಇದಕ್ಕೇ ತಿನ್ನಿಸಿದಾನೆ."

"ಬಾಯಿ ಮುಚ್ಕೊಂಡು ಬಿಡೋ. ಮಂತ್ರ ತಪ್ಪುತ್ತೆ."

ಲಮ್ದುವನ್ ಮನಸ್ಸಲ್ಲೇ ಲೆಕ್ಕ ಹಾಕಿದಳು: ನಾಳೆಯಿಂದ ಮಾತ್ರೆಯಿಲ್ಲ, ಕೆಟಲ್ ಇಲ್ಲ. ಪ್ರಚುಪ್ ಆಮೆಯನ್ನು ನೀರಿಗಿಳಿಸಿದ. ಅದು ಊದಿದ ಕಾಲುಗಳನ್ನು ಎರಡು ಸಲ ಆಡಿಸಿತು, ಮುಳುಗಿತು. ಗುಳ್ಳೆಗಳೆದ್ದವು.

"ಹೋಯ್ತು ನೋಡು, ಎಷ್ಟು ಖುಷಿಯಾಗಿ!" ಎಂದಳು ಕಿಂಕಾವ್.

"ಖುಷಿಯಲ್ಲ ಅಕ್ಕಾ, ಸಾಯ್ತಿದೆ! ಅದಕ್ಕೆ ಈಜೋಕೆ ಬರಲ್ಲ!" ಎಂದು ಲಮ್ದುವನ್ ಚೀರಿದಳು.

ಮಂಡಿ ಮಡಚಲಾಗದೆ ಕುಂಡೆಯ ಮೇಲೆ ಕೂತೇ ಒಂದೊಂದು ಮೆಟ್ಟಿಲು ಜಾರಿ ಇಳಿದಳು. ನೀರು ಎದೆಗೆ ಬಂತು. ಕೆಸರಲ್ಲಿ ಕಾಲಾಡಿಸಿ, ಉಸಿರು ಕಟ್ಟಿ, ಮುಳುಗಿ ಎದ್ದಳು. ಕೈಯಲ್ಲಿ ಚಿಪ್ಪು. ತಲೆ ಕೆಳಗೆ ಮಾಡಿ ಹಿಡಿದಾಗ ಆಮೆಯ ಬಾಯಿಂದ ನೀರು ಸುರಿಯಿತು. ಆಮೇಲೆ ಕತ್ತು ಅಲುಗಿತು.

ಪ್ರಚುಪ್ ಅವಳ ರಟ್ಟೆ ಹಿಡಿದು ದಡಕ್ಕೆಳೆದ.

"ಕೊಟ್ಟ ಪುಣ್ಯಾನ ವಾಪಸ್ ಕಿತ್ಕೊಂಡ್ಯಲ್ಲೇ! ಅದರ ಪಾಪ ಅವನಿಗೆ ತಟ್ಟದೆ ಇರುತ್ತಾ?" ಎಂದು ಕಿಂಕಾವ್ ಅಳತೊಡಗಿದಳು.

"ಪುಣ್ಯ ಕಮ್ಮಿಯಾದ್ರೆ ನಿಮ್ಮ ತಮ್ಮ ಅಲ್ಲಿಂದಲೇ ಬೈಲಿ ಬಿಡಿ. ಬದುಕಿದ್ದಾಗಲಾದರೂ ಎಲ್ಲಿ ಬೈದ್ರು? ಆಮೆ ಜೊತೆ ಆಡಿದಷ್ಟು ಮಾತು ನನ್ನ ಜೊತೆ ಆಡಿದೋರಲ್ಲ."

ವಿಹಾರದ ಚಿತಾಗಾರದ ಕಡೆಯಿಂದ ಗಂಟೆ ಕೇಳಿತು. ಜನ ಚಿತೆಗಿಡುವ ಗಂಧದ ಚಕ್ಕೆಯ ಹೂ ಹಿಡಿದು ಶವಪೆಟ್ಟಿಗೆಯ ಮುಂದೆ ಸಾಲು ನಿಂತಿದ್ದರು. ಒದ್ದೆಯಾಗಿದ್ದ ಲಮ್ದುವನ್‌ಳನ್ನು ಕಂಡು ಸಾಲು ಸರಿದು ದಾರಿ ಬಿಟ್ಟಿತು. ಯಾರೋ ಅವಳತ್ತ ಹೂ ಚಾಚಿದರು. ಅವಳ ಎರಡೂ ಕೈಯಲ್ಲಿ ಆಮೆಯಿತ್ತು.

"ಅಕ್ಕಾ, ಹಿಡ್ಕೊಳ್ಳಿ."

"ನಾನಾ? ಥೂ!"

"ಕೆಳಗಿಂದ ಹಿಡೀರಿ. ಕಾಲು ಮುಟ್ಬೇಡಿ, ನೋಯುತ್ತೆ."

ಲಮ್ದುವನ್ ಹೂವಿಟ್ಟು ತಿರುಗಿದಾಗ, ಕಣ್ಣೊರೆಸಿಕೊಳ್ಳಲೂ ಕೈ ಬಿಡುವಿಲ್ಲದ ಕಿಂಕಾವ್ ಮೂಗು ಸೊರಸೊರ ಎಳೆಯುತ್ತ, ಬೆರಳುಗಳನ್ನು ಆ ಊದಿದ ಕಾಲುಗಳಿಂದ ದೂರ ಅಗಲಿಸಿಕೊಂಡು, ಅಲುಗಾಡದೆ ನಿಂತಿದ್ದಳು.