ಮುಂದಿನವರನ್ನ ಕಳಿಸಿ

ಬೆಳಗಿನಿಂದ ಎಪ್ಪತ್ತು ರೋಗಿಗಳನ್ನು ನೋಡಿ ಮನೆಗೆ ಬಂದಿದ್ದೆ. ಅಮ್ಮ ಮಂಡಿನೋವು ಎಂದಾಗ ತಲೆಯೆತ್ತದೆ ಮಾತ್ರೆಯ ಹೆಸರು ಹೇಳಿ, "ಮುಂದಿನವರನ್ನ ಕಳಿಸಿ" ಎಂದುಬಿಟ್ಟೆ.

ಅಮ್ಮ ಹೊರಗೆ ಹೋಗಿ, ಬಾಗಿಲು ತಟ್ಟಿ, ಮತ್ತೆ ಬಂದು ಕೂತಳು. "ಮುಂದಿನವಳೂ ನಾನೇ ಕಣೇ. ಈ ಸಲ ಮುಖ ನೋಡಿ ಕೇಳು."

ಮರುದಿನ ಆಸ್ಪತ್ರೆಯಲ್ಲಿ, ರೋಗಿಗೂ ನನಗೂ ಅಡ್ಡವಿದ್ದ ಕಂಪ್ಯೂಟರನ್ನು ಪಕ್ಕಕ್ಕೆ ಸರಿಸಿದೆ. ಮ್ಯಾನೇಜರ್ ಓಡಿಬಂದರು.

"ಮೇಡಂ, ಒಬ್ಬರಿಗೆ ಎಂಟೇ ನಿಮಿಷ! ಟೈಪ್ ಯಾವಾಗ ಮಾಡ್ತೀರಾ?"

"ಅವರು ಎದ್ದು ಹೋದ್ಮೇಲೆ. ಇನ್ಮೇಲೆ ಹನ್ನೆರಡು ನಿಮಿಷ. ಆಗಲ್ಲ ಅಂದ್ರೆ ಈ ಕುರ್ಚಿಗೆ ಬೇರೆಯವರನ್ನ ಹುಡುಕ್ಕೊಳ್ಳಿ."

ಆಗಲೇ ಮ್ಯಾನೇಜರ್ ಮುಖ ನೋಡಿದೆ. ಕಣ್ಣುಗಳು ಗುಳಿಬಿದ್ದಿದ್ದವು.

"ಕೂತ್ಕೊಳ್ಳಿ. ಸರಿಯಾಗಿ ನಿದ್ದೆ ಮಾಡಿ ಎಷ್ಟು ದಿನ ಆಯ್ತು?"

ಅವರು ಎದ್ದದ್ದು ಇಪ್ಪತ್ತು ನಿಮಿಷದ ಮೇಲೆ.